ಕುರಿ ಎಷ್ಟು ಎಂದು ಕೇಳಿದವರಿಗೆ ನಾನು ಕೊಟ್ಟ ಉತ್ತರ

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಗುರುತಿಲ್ಲದ ಹೆಂಗಸು ‘ನಿಮ್ಮ ಮನಿಯಾಗ ಬಂಗಾರ ಎಷ್ಟೈತ್ರಿ?’ ಎಂದು ಕೇಳಿದರೆ ನೀವು ನಿಜ ಹೇಳುತ್ತೀರಾ? ಹೇಳುವುದಿಲ್ಲ. ಸೆರಗು ಸರಿಮಾಡಿಕೊಂಡು ಕಿಟಕಿಯ ಹೊರಗೆ ನೋಡುತ್ತೀರಿ. ಹಾಗಿದ್ದ ಮೇಲೆ, ನಾನು ಕುರಿಗಳ ಲೆಕ್ಕ ಹೇಳಲಿಲ್ಲ ಎಂದು ತಿಳಿದಾಗ ನಗಬೇಡಿ.

ಕುರಿ ಕಾಯುವ ನಮ್ಮ ಮನೆಗಳಲ್ಲಿ ಕುರಿಗಳ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ, ಮರುವಾರವೇ ಮರಿಗಳು ಕಾಲು ಚಾಚಿ ಮಲಗುತ್ತವೆ. ಯಾರೇ ಕೇಳಲಿ, ‘ಹಟ್ಟಿ ತುಂಬೇತಿ’ ಎನ್ನಬೇಕು. ರೋಗ ಬಂದು ನಾಲ್ಕೇ ಉಳಿದಿದ್ದರೂ ಹಟ್ಟಿ ತುಂಬಿಯೇ ಇರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಜಾಣತನ ತೋರಿಸಲು ಹೋಗಿ, ಸಂಜೆ ಬಂದ ಹಿಂಡನ್ನು ಗಟ್ಟಿಯಾಗಿ ಎಣಿಸತೊಡಗಿದ್ದೆ. ಹನ್ನೊಂದಕ್ಕೆ ಬರುವಷ್ಟರಲ್ಲಿ ಅತ್ತೆಯ ಕೈ ನನ್ನ ಬಾಯಿಯ ಮೇಲಿತ್ತು. ಆ ಕೈಗೆ ಉಣ್ಣೆ ಮತ್ತು ಬೆಳ್ಳುಳ್ಳಿಯ ವಾಸನೆ. ‘ನಾವು ಎಣಿಸೂದಿಲ್ಲ, ಮುಖಾ ನೋಡ್ತೀವಿ. ಯಾರು ಬಂದಿಲ್ಲ ಅಂತ ನೋಡು, ಎಷ್ಟು ಬಂದಾವ ಅಂತ ನೋಡಬ್ಯಾಡ’ ಎಂದಿದ್ದರು. ಅಂದಿನಿಂದ ನಾನು ಎಣಿಸಿದವಳಲ್ಲ.

ನನ್ನ ಮೊಮ್ಮಗಳು ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದ ಮೊದಲನೆಯವಳು. ವಿಜಯಪುರದ ಒಂದು ಕಾಲೇಜಿನಲ್ಲಿ ಓದುತ್ತಾಳೆ. ಮೊದಲನೆಯ ವರ್ಷ ಅವಳಿಗೆ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಬಿಟ್ಟಿ ಸೀಟು ಸಿಕ್ಕಿತ್ತು. ಅದು ಉಳಿಯಬೇಕಾದರೆ ವರ್ಷವರ್ಷ ಮನೆಯ ಆದಾಯದ ಪ್ರಮಾಣಪತ್ರ ಕೊಡಬೇಕು. ಎರಡನೆಯ ವರ್ಷಕ್ಕೆ ಅರ್ಜಿ ಹಾಕಿದಾಗ ವಿಚಾರಣೆಗೆಂದು ತಲಾಠಿ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವವನು, ನಮ್ಮ ಮನೆಗೆ ಬಂದ. ನಮ್ಮ ಊರು ಟಿಕೋಟಾ ದಾಟಿ ಒಳಗೆ. ಮಗ, ಸೊಸೆ ಹಿಂಡಿನ ಹಿಂದೆ ಹೋಗಿದ್ದರು. ನಾನೊಬ್ಬಳೇ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದೆ.

‘ಆಯೀ, ಕುರಿ ಎಷ್ಟು ಅದಾವ?’ ಎಂದ.

‘ಹಟ್ಟಿ ತುಂಬೇತಪ್ಪಾ.’

‘ಹಂಗಲ್ಲ, ಲೆಕ್ಕ ಹೇಳು. ನೂರು? ಇನ್ನೂರು?’

‘ದೇವರು ಕೊಟ್ಟಷ್ಟು ಅದಾವ. ಯಾತಕ್ಕೂ ಕಡಿಮಿ ಇಲ್ಲ. ಮಜ್ಜಿಗಿ ಕುಡೀತಿಯೇನ?’

ಅವನು ಮಜ್ಜಿಗೆ ಕುಡಿದ, ಏನೋ ಬರೆದುಕೊಂಡು ಹೋದ. ಹೊಸ ಹುಡುಗ, ಪಟ್ಟಣದವನು, ನಮ್ಮ ಮಾತಿನ ರೀತಿ ಅವನಿಗೇನು ಗೊತ್ತು! ಅವನು ಕೇಳಿದ, ನಾನು ಹೇಳಿದೆ, ಅವನು ಬರೆದ. ನಿಜ ಹೇಳಬೇಕೆಂದರೆ ಅವನು ಹೋದ ಮೇಲೆ ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಸರ್ಕಾರದ ಮನುಷ್ಯನ ಮುಂದೆ ಮನೆಯ ಮಾನ ಉಳಿಸಿದ್ದೆನಲ್ಲ!

ಪ್ರಮಾಣಪತ್ರ ಬಂದಾಗ ಓದದೆ ಮಡಚಿ ಸ್ಟೀಲಿನ ಡಬ್ಬಿಯಲ್ಲಿಟ್ಟೆ. ಮೊಮ್ಮಗಳು ಕೊನೆಯ ದಿನ ಓಡೋಡಿ ಬಂದಳು, ಡಬ್ಬಿಯಿಂದ ತೆಗೆದುಕೊಂಡು ಅದೇ ಬಸ್ಸಿಗೆ ತಿರುಗಿ ಹೋಗಿ ಅರ್ಜಿಯ ಜೊತೆ ಕೊಟ್ಟಳು. ಅವಳೂ ಓದಲಿಲ್ಲ. ಆ ಕಾಗದದಲ್ಲಿ ನಾವು ದೊಡ್ಡ ಸಾಹುಕಾರರಾಗಿದ್ದೆವು.

ಹಿಂದಿನ ವರ್ಷವಾಗಿದ್ದರೆ ಹಾಸ್ಟೆಲ್ಲಿನ ಕಚೇರಿಯಲ್ಲಿ ಕಾಗದಪತ್ರ ನೋಡುವ ಒಬ್ಬ ಹೆಣ್ಣುಮಗಳು ಇರುತ್ತಿದ್ದರಂತೆ, ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಕಾಗದದಲ್ಲಿ ತಪ್ಪು ಕಂಡರೆ ಹುಡುಗಿಯರನ್ನು ಕರೆದು ‘ಇದನ್ನ ತಿದ್ದಿಸಿಕೊಂಡ ಬಾ’ ಎನ್ನುತ್ತಿದ್ದರಂತೆ. ಈ ವರ್ಷ ಕಾಲೇಜಿಗೆ ಬರಬೇಕಾದ ಅನುದಾನ ಬರಲಿಲ್ಲ. ಆ ಬಾಯಿಯನ್ನು ತೆಗೆದರು, ಅವರ ಜಾಗಕ್ಕೆ ಯಾರನ್ನೂ ತರಲಿಲ್ಲ. ಬಿಟ್ಟಿ ಸೀಟುಗಳೂ ಅರ್ಧಕ್ಕೆ ಇಳಿದವು. ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಅದರಲ್ಲಿ ನನ್ನ ಮೊಮ್ಮಗಳ ಹೆಸರಿರಲಿಲ್ಲ.

ಮಗ, ‘ಹಂಗಾದ್ರ ಸಾಲಿ ಬಿಡ್ಲಿ. ಹಿಂಡಿಗೂ ಒಂದು ಕೈ ಬೇಕಾಗೇತಿ’ ಎಂದ.

‘ಬ್ಯಾಡೋ ಯಪ್ಪಾ. ನಾ ಹೋಗಿ ಖೋಲಿ ಹಿಡಕೊಂಡು ಅಕೀಗೆ ರೊಟ್ಟಿ ಬಡದ ಹಾಕ್ತೀನಿ’ ಎಂದೆ.

ವಿಜಯಪುರದ ಓಣಿಗಳಲ್ಲಿ ನನ್ನಂಥ ಆಯಿಗಳು ಬಹಳ. ಬಾಡಿಗೆಯ ಒಂದು ಖೋಲಿ, ಒಂದು ಒಲೆ, ಓದುವ ಒಂದು ಮೊಮ್ಮಗು. ಊರಿನವರು ನನ್ನನ್ನು ಹೊಗಳಿದರು. ‘ಈ ವಯಸ್ಸಿನ್ಯಾಗ ಮೊಮ್ಮಗಳ ಸಲುವಾಗಿ ಹೋದಳು’ ಎಂದರು. ನಾನು ಮಾಡಿದ್ದು ತ್ಯಾಗವಲ್ಲ, ಪ್ರಾಯಶ್ಚಿತ್ತ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅಷ್ಟರಲ್ಲಿ ಆ ಪ್ರಮಾಣಪತ್ರದಲ್ಲಿ ಏನಿದೆಯೆಂದು ಮೊಮ್ಮಗಳು ಓದಿ ಹೇಳಿದ್ದಳು. ಹಾಗೆ ಬರೆಯಲು ಕಾರಣ ಯಾರೆಂದು ನಾನು ಹೇಳಿರಲಿಲ್ಲ.

ನಮ್ಮ ಖೋಲಿ ಹಿಟ್ಟಿನ ಗಿರಣಿಯ ಹಿಂದೆ. ಬೆಳಿಗ್ಗೆ ಮೊಮ್ಮಗಳು ಡಬ್ಬಿ ಕಟ್ಟಿಕೊಂಡು ಹೋದರೆ, ಆಮೇಲೆ ನಾನು ಮತ್ತು ಗಿರಣಿಯ ಸಪ್ಪಳ. ಮಧ್ಯಾಹ್ನ ಗಿರಣಿ ನಿಲ್ಲುತ್ತದೆ. ಆಗ ನಾನೊಬ್ಬಳೇ. ಊರಿನಲ್ಲಿ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಕಾಡಿಸಿ, ಬೈಸಿಕೊಂಡು, ಬೈದು ಹೊತ್ತು ಕಳೆಯುತ್ತಿದ್ದವಳು ನಾನು. ಇಲ್ಲಿ ಕಾಡಿಸಲು ಒಂದು ನರಪಿಳ್ಳೆಯೂ ಇಲ್ಲ. ಮನೆಯ ಮಾಲಕರ ಹೆಂಡತಿ ಕಂಬಿಯ ಆಚೆಯಿಂದ ‘ನೀರ ಬಂದಾವ್ರಿ’ ಎನ್ನುತ್ತಾರೆ. ಅದೊಂದೇ ಮಾತು. ನಳದಲ್ಲಿ ನೀರು ಬಂದ ದಿನ ನನಗೆ ಒಂದು ಮಾತೂ ಬರುತ್ತಿತ್ತು. ನೀರು ಬಾರದ ದಿನ ಅದೂ ಇಲ್ಲ.

ಒಮ್ಮೆ ಬೇಸರ ತಾಳದೆ ಫೋನಿನ ಕಂಪನಿಯ ನಂಬರಿಗೆ ಫೋನು ಹಚ್ಚಿದೆ. ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂದಳು. ಒತ್ತಿದೆ. ಅವಳು ಹೇಳುವುದನ್ನೆಲ್ಲ ಹೇಳಿಕೊಂಡಳು, ನಾನೂ ಆ ದಿನ ಪುಂಡಿಪಲ್ಯ ಮಾಡಿದ್ದನ್ನು ಅವಳಿಗೆ ಹೇಳಿದೆ. ಯಂತ್ರ ಎಂದು ಗೊತ್ತಿದ್ದೇ ಹೇಳಿದೆ. ಕೊನೆಯಲ್ಲಿ ಅವಳು ಧನ್ಯವಾದ ಎಂದಳು. ನಾನು ಆಗಲವ್ವಾ ಎಂದೆ.

ಸಂಜೆ ಮೊಮ್ಮಗಳು ಬಂದು ಊಟಕ್ಕೆ ಕುಳಿತರೆ ಮೊದಲ ತುತ್ತಿನ ಜೊತೆಗೇ ತಲಾಠಿಯ ಶಾಪ. ‘ಅಂವಾ ನಮ್ಮ ಮನಿ ನೋಡ್ಯಾನಾ ಇಲ್ಲ ಆಯಿ. ಕುಂತಲ್ಲೇ ಬರದಾನ’ ಎನ್ನುತ್ತಿದ್ದಳು.

‘ಅವನ ಪೆನ್ನು ಮುರೀಲಿ’ ಎಂದು ನಾನೂ ಸೇರಿಸುತ್ತಿದ್ದೆ. ನನ್ನ ಮಜ್ಜಿಗೆ ಕುಡಿದು ಹೋದ ಆ ಹುಡುಗನನ್ನು ದಿನವೂ ಬೈಯುತ್ತಿದ್ದೆ.

ನಾನು ಫೋನಿನಲ್ಲಿ ಬರೆಯಲು ಕಲಿತದ್ದು ಈ ಖೋಲಿಯಲ್ಲೇ. ಕಾಲೇಜಿನವರು ಪಾಲಕರ ವಾಟ್ಸಾಪ್ ಗುಂಪು ಮಾಡಿದ್ದರು. ಮಗ ಹಿಂಡಿನ ಹಿಂದೆ ಇರುವಲ್ಲಿ ಫೋನು ಹತ್ತುವುದಿಲ್ಲ, ಅದಕ್ಕೆ ನನ್ನ ನಂಬರು ಕೊಟ್ಟರು. ನಾಲ್ಕನೆಯ ಇಯತ್ತೆಯವರೆಗೆ ಕಲಿತವಳಿಗೆ ಓದಲು ಬರುತ್ತದೆ, ಆದರೆ ಈ ಪುಟ್ಟ ಪುಟ್ಟ ಅಕ್ಷರಗಳ ಮೇಲೆ ಬೆರಳಿಡುವುದು ನುಸಿ ಹಿಡಿದಷ್ಟೇ ಕಷ್ಟ. ಒತ್ತಕ್ಷರಕ್ಕೆ ಮೂರು ದಿನ ಬೇಕಾಯಿತು. ಮೊದಲ ಸಲ, ಎದುರಿಗೇ ಕುಳಿತ ಮೊಮ್ಮಗಳಿಗೆ ‘ಚಟ್ನಿ ಖಾರ ಆಗೇತೇನ’ ಎಂದು ಬರೆದು ಕಳಿಸಿದೆ. ಅವಳು ನೀರು ಕುಡಿಯುತ್ತಲೇ ‘ಹೌದು’ ಎಂದು ಕಳಿಸಿದಳು. ಅವತ್ತು ಇಬ್ಬರೂ ಬಹಳ ನಕ್ಕೆವು. ಅವಳು ಕಾಲೇಜಿಗೆ ಹೋದ ಮೇಲೆ ಬರೆಯಲು ಯಾರೂ ಇರಲಿಲ್ಲ. ಬರೆಯುತ್ತಿದ್ದೆ, ಅಳಿಸುತ್ತಿದ್ದೆ.

ಸೀಟು ಹೋದವಳು ನಮ್ಮ ಹುಡುಗಿ ಒಬ್ಬಳೇ ಅಲ್ಲ. ಅವಳ ಗೆಳತಿ, ಕನಮಡಿಯ ಹುಡುಗಿ, ಅವಳದೂ ಹೋಯಿತು. ಆಕೆಗೆ ಖೋಲಿ ಹಿಡಿದು ರೊಟ್ಟಿ ಬಡಿಯುವ ಆಯಿ ಇರಲಿಲ್ಲ. ಮಹಾರಾಷ್ಟ್ರದ ಗಡಿಯ ಹತ್ತಿರದಿಂದ ದಿನವೂ ಬಸ್ಸಿಗೆ ಬರುತ್ತಿದ್ದಳು, ಮೊದಲನೆಯ ಪಾಠ ಎಂದೂ ಸಿಗುತ್ತಿರಲಿಲ್ಲ. ಸಂಜೆ ಬಸ್ಸಿಗೆ ಹೊತ್ತಿದ್ದರೆ ನಮ್ಮಲ್ಲಿಗೆ ಬಂದು ರೊಟ್ಟಿ ತಿನ್ನುತ್ತಿದ್ದಳು. ‘ಆಯಿ, ನಿನ್ನ ರೊಟ್ಟಿ ಸೀಮಿ ಕಲ್ಲ ಇದ್ದಂಗ ಐತಿ, ತಿಂದರ ಗಡಿ ದಾಟೂತನಾ ಕರಗೂದಿಲ್ಲ’ ಎಂದು ಕಾಡಿಸುತ್ತಿದ್ದಳು. ವಿಜಯಪುರಕ್ಕೆ ಬಂದ ಮೇಲೆ ನನಗೆ ಸರಿಸಮಾನವಾಗಿ ಉತ್ತರ ಕೊಟ್ಟವಳು ಅವಳೊಬ್ಬಳೇ. ಒಂದು ವಾರ ಬರಲಿಲ್ಲ. ಇನ್ನೊಂದು ವಾರವೂ ಬರಲಿಲ್ಲ. ‘ಆರಾಮಿಲ್ಲೇನೋ’ ಎಂದಳು ಮೊಮ್ಮಗಳು. ಕಾಲೇಜಿನಲ್ಲಿ ಯಾರೂ ಕೇಳಲಿಲ್ಲ. ಹಾಜರಿ ಕರೆಯುವಾಗ ಅವಳ ನಂಬರಿಗೆ ಉತ್ತರ ಬರದಿದ್ದರೆ ಮುಂದಿನ ನಂಬರು ಕರೆಯುತ್ತಿದ್ದರು. ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೇ ಅವಳಿಲ್ಲ ಎಂದು ಗೊತ್ತಾದದ್ದು.

ಅದಾದ ಮೇಲೆ ಪಾಲಕರ ಸಭೆ ಕರೆದರು. ನಾನೂ ಹೋದೆ. ಹೆಚ್ಚಾಗಿ ಅಪ್ಪಂದಿರೇ ಇದ್ದರು. ಪ್ರಿನ್ಸಿಪಾಲರು ಹೆಣ್ಣುಮಗಳು, ಮಾತು ಸೀದಾ.

‘ಅನುದಾನ ಪೂರಾ ಬಂದಿಲ್ರಿ. ಪಾಠ ಹೇಳೋ ಮಂದಿನ್ನೂ ಕಡಿಮಿ ಮಾಡೀವಿ. ಮನಿಯಾಗ ಮೊದಲನೇ ಸಲ ಕಾಲೇಜಿನ ಮೆಟ್ಟಲಾ ಹತ್ತಿದ ಮಕ್ಕಳು ನಮ್ಮಲ್ಲಿ ಭಾಳ ಅದಾರ, ಅವರ ನಡುವ ಬಿಟ್ಟ ಹೋಗಾಕತ್ತಾರ. ಕೈಯಾಗ ರೊಕ್ಕ ಇಲ್ಲದ ನಾವು ಅವರಿಗೆ ಏನ್ ಮಾಡಬೇಕು, ನೀವ ಹೇಳ್ರಿ’ ಎಂದರು.

ಒಬ್ಬರು ಫ್ಯಾನು ತಿರುಗುವುದಿಲ್ಲ ಎಂದರು. ಒಬ್ಬರು ಹುಡುಗಿಯರ ಮೊಬೈಲು ಕಸಿದುಕೊಳ್ಳಿ ಎಂದರು. ಕೊನೆಗೆ ಪ್ರಿನ್ಸಿಪಾಲರು ನನ್ನತ್ತ ನೋಡಿ ‘ಆಯೀ, ನೀವೇನರ ಹೇಳ್ರಿ’ ಎಂದರು.

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಷ್ಟೂ ತಲೆಗಳು ತಿರುಗಿದ್ದನ್ನು ನೋಡಿ, ‘ಚಾ ಭಾಳ ಛಲೋ ಆಗಿತ್ರಿ. ಇನ್ನೊಂದು ಅರ್ಧ ಕಪ್ ಸಿಕ್ಕರ ಆಮ್ಯಾಲೆ ಹೇಳ್ತೀನಿ’ ಎಂದುಬಿಟ್ಟೆ. ಎಲ್ಲರೂ ನಕ್ಕರು. ಅರ್ಧ ಕಪ್ ಚಹಾ ಬಂತು. ಕುಡಿದು ಎದ್ದು ಬಂದೆ. ನಗಿಸಿ ತಪ್ಪಿಸಿಕೊಳ್ಳುವುದು ನನ್ನ ಹಳೆಯ ಚಟ.

ಖೋಲಿಗೆ ಬಂದು ಬಾಗಿಲು ಹಾಕಿಕೊಂಡರೆ ನಾಚಿಕೆ ಹತ್ತಿತು. ಮೊಮ್ಮಗಳು ಬರಲು ಇನ್ನೂ ಬಹಳ ಹೊತ್ತಿತ್ತು. ಫೋನು ತೆಗೆದುಕೊಂಡೆ. ಒಂದೇ ಬೆರಳಿನಿಂದ, ಗಿರಣಿ ನಿಂತದ್ದೂ ತಿಳಿಯದಂತೆ ಬರೆದು ಪಾಲಕರ ಗುಂಪಿಗೆ ಕಳಿಸಿದೆ. ಬರೆದದ್ದು ಇಷ್ಟು:

‘ಪ್ರಿನ್ಸಿಪಾಲ್ ಬಾಯಿ ಅವರಿಗೆ ಶರಣು. ಚಾ ಕುಡದ ಆಯಿ ನಾನು. ನಮ್ಮ ಆದಾಯ ತಪ್ಪ ಬರದದ್ದು ತಲಾಠಿ ಅಲ್ಲ. ಕುರಿ ಎಷ್ಟು ಅಂದಾಗ ಹಟ್ಟಿ ತುಂಬೇತಿ ಅಂದಾಕಿ ನಾನು. ನಮ್ಮ ಪದ್ಧತಿ ಹಂಗ. ನಮ್ಮಂಥ ಮನಿ ಮಕ್ಕಳ ಕಾಗದಾ ನಿಮ್ಮ ಕೈಗೆ ಬರೂ ಮೊದಲ, ಮ್ಯಾಲಿನ ವರ್ಷದಾಗ ಓದೂ ನಮ್ಮಂಥ ಮನಿ ಇಬ್ಬರು ಹುಡುಗ್ಯಾರು ಕುಂತು ಓದಿ ನೋಡ್ಲಿ. ನಮ್ಮ ಮನಿ ಮಾತು ಅವರಿಗೆ ತಿಳೀತೈತಿ. ಅಪ್ಪ ಬಂದ ಸಹಿ ಮಾಡಬೇಕಂದ್ರ ಹಿಂಡು ಯಾವಾಗ ತಿರುಗಿ ಬರ್ತೈತಿ ಅಂತ ಕೇಳಿ ತಾರೀಖು ಇಡ್ರಿ. ಖೋಲಿ ಮಾಡಿದ ಹುಡುಗ್ಯಾರು, ಬಸ್ಸಿಗೆ ಬರೋ ಹುಡುಗ್ಯಾರು ಹಾಸ್ಟೆಲಿನ ಊಟದ ಮನಿಯಾಗ ಕುಂತು ತಮ್ಮ ಡಬ್ಬಿ ಉಣ್ಣಾಕ ಬಿಡ್ರಿ, ಒಬ್ಬೊಬ್ಬರ ಮೆಟ್ಟಲದ ಮ್ಯಾಲೆ ಉಣ್ಣಾಕತ್ತಾರ. ಇನ್ನೊಂದು. ನಾವು ಸಂಜಿಕ ಕುರಿ ಎಣಿಸೂದಿಲ್ಲ, ಯಾವುದು ಬಂದಿಲ್ಲ ನೋಡ್ತೀವಿ. ಬರಲಿಲ್ಲಂದ್ರ ಅವತ್ತ ಹುಡುಕ್ಕೊಂಡು ಹೋಗ್ತೀವಿ. ಕನಮಡಿ ಹುಡುಗಿ ಬಂದಿಲ್ಲ. ಇದಕ್ಕ ರೊಕ್ಕ ಬೇಕಾಗೂದಿಲ್ಲ.’

ಕಳಿಸಿ ಕಾಯುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಒಬ್ಬರು ಗುಲಾಬಿ ಹೂವಿನ ಚಿತ್ರ ಹಾಕಿದರು. ಅದರ ಕೆಳಗೆ ಇನ್ನೊಬ್ಬರು ಇನ್ನೊಂದು ಗುಲಾಬಿ ಹಾಕಿದರು. ನನ್ನ ಬರಹ ಮೇಲೆ ಮೇಲೆ ಸರಿದು ಹೋಯಿತು. ಆ ಖೋಲಿಯಲ್ಲಿ ಎಷ್ಟೋ ದಿನ ಒಬ್ಬಳೇ ಇದ್ದೆ, ಆದರೆ ಅಷ್ಟು ಮಂದಿಯ ನಡುವೆ ಒಬ್ಬಳೇ ಆದದ್ದು ಅವತ್ತೇ.

ಸಂಜೆ ಮೊಮ್ಮಗಳು ಬಂದವಳು ಎಂದಿನಂತೆ ನನ್ನ ಫೋನು ತೆಗೆದು ಗುಂಪು ನೋಡಿದಳು. ಓದಿದಳು. ಮತ್ತೊಮ್ಮೆ ಓದಿದಳು. ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಬೈಯಲಿಲ್ಲ, ಅಳಲಿಲ್ಲ. ಅಂದಿನಿಂದ ಮಾತು ಬಿಟ್ಟಳು. ಡಬ್ಬಿ ಕಟ್ಟಿಟ್ಟರೆ ಒಯ್ಯುತ್ತಿದ್ದಳು, ತೊಳೆದು ತಂದಿಡುತ್ತಿದ್ದಳು. ನಾನು ಏನೇನೋ ಮಂಗಾಟ ಮಾಡಿ ನೋಡಿದೆ. ಅವಳ ಓಢಣಿ ಹೊದ್ದು ಕಾಲೇಜಿಗೆ ಹೊರಟವಳಂತೆ ನಡೆದು ತೋರಿಸಿದೆ. ಅವಳು ಪುಸ್ತಕದ ಹಾಳೆ ಮಗುಚಿದಳು.

ಮೂರನೆಯ ದಿನ ಪ್ರಿನ್ಸಿಪಾಲರು ತಮ್ಮ ದನಿ ಮುದ್ರಿಸಿ ವಾಟ್ಸಾಪಿಗೆ ಕಳಿಸಿದರು. ಗುಂಪಿಗಲ್ಲ, ನನಗೊಬ್ಬಳಿಗೇ. ‘ಆಯೀ, ಈ ವರ್ಷದ ಸೀಟು ನನ್ನ ಕೈಯಾಗ ಇಲ್ರಿ. ತಿದ್ದಿಸಿದ ಪ್ರಮಾಣಪತ್ರ ತಂದ್ರ ಮುಂದಿನ ವರ್ಷದ ಪಟ್ಟಿಯಾಗ ನೋಡ್ತೀನಿ. ಕಾಗದ ಓದಾಕ ಇಬ್ಬರು ಹುಡುಗ್ಯಾರ್ನ ಕೂಡಸ್ತೀನಿ. ಊಟದ ಮನಿ ತಗಸ್ತೀನಿ. ಕನಮಡಿಗೂ ಫೋನ್ ಮಾಡಿಸಿದ್ದೆ. ಆ ಹುಡುಗಿ ದ್ರಾಕ್ಷಿ ತೋಟದ ಕೆಲಸಕ್ಕ ಹೋಗಾಕತ್ತಾಳಂತ. ಬಾ ಅಂದೀವಿ. ಬರ್ತೀನಿ ಅಂತ ಹೇಳಿಲ್ಲ.’

ಕೊನೆಯ ಮಾತನ್ನು ಎರಡು ಸಲ ಕೇಳಿದೆ. ನಮ್ಮಲ್ಲಿ ತಡವಾಗಿ ಹುಡುಕಿಕೊಂಡು ಹೋದ ಕುರಿ ಸಿಕ್ಕದ್ದು ಕಡಿಮೆ.

ಪ್ರಮಾಣಪತ್ರ ತಿದ್ದಿಸಲು ಮಗ ಬೇಕಿತ್ತು. ಹಿಂಡು ಆಗ ಬಬಲೇಶ್ವರದ ಹತ್ತಿರ ಒಬ್ಬರ ಹೊಲದಲ್ಲಿ ತಂಗಿತ್ತು. ಗೊಬ್ಬರವಾಗಲಿ ಎಂದು ಹೊಲದವರೇ ಕರೆಸಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಮಗನ ಫೋನು ಹತ್ತಲಿಲ್ಲ. ಮೊಮ್ಮಗಳನ್ನು ಕರೆಯುವ ಧೈರ್ಯವಾಗಲಿಲ್ಲ. ಒಬ್ಬಳೇ ಬಸ್ಸು ಹತ್ತಿದೆ. ಸಂತೆಯ ದಿನ, ಬಸ್ಸಿನ ತುಂಬ ಮಂದಿ, ಬುಟ್ಟಿ, ಕೋಳಿ. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ಅರ್ಧ ಬಸ್ಸನ್ನು ನಗಿಸುತ್ತಿದ್ದೆ.

ಇಳಿದು, ಕೇಳುತ್ತ ಕೇಳುತ್ತ ಹೊಲ ಹುಡುಕಿದೆ. ಸೊಸೆ ಕಲ್ಲಿನ ಒಲೆಯ ಮುಂದಿದ್ದಳು. ಮಗನಿಗೆ ಎಲ್ಲ ಹೇಳಿದೆ. ಅವನು ತಲೆಯ ಮೇಲೆ ಕೈಹೊತ್ತು ಕುಳಿತ. ‘ಲೆಕ್ಕ ಹೇಳಬೇಕಾಗತೈತೇನ ಯವ್ವಾ?’ ಎಂದ. ಅವನ ಚಿಂತೆ ಅದು. ಅವನನ್ನು ಹಡೆದು, ಅದೇ ಪಾಠ ಕಲಿಸಿದವಳು ನಾನೇ. ಎದ್ದು ಹಿಂಡಿನ ನಡುವೆ ಹೋದೆ. ಹಳೆಯ ಕುರಿಗಳು ನನ್ನ ಸೀರೆ ಮೂಸಿದವು. ಮಗ ಸೊಸೆಗೆ ಬೆನ್ನು ಮಾಡಿ ನಿಂತು, ತುಟಿ ಬಿಗಿಹಿಡಿದು, ಬೆರಳ ಗೆಣ್ಣುಗಳ ಮೇಲೆ ನನ್ನ ಬಾಳಿನಲ್ಲಿ ಮೊದಲ ಸಲ ಪೂರಾ ಎಣಿಸಿದೆ. ಎಣಿಸಿದ ಮೇಲೆ ತಿಳಿಯಿತು, ನಾವು ಎಷ್ಟು ಬಡವರೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಟಿಕೋಟಾದ ಕಚೇರಿಗೆ ಮಗ ಬಂದ. ಮೊಮ್ಮಗಳೂ ಬಂದಳು, ಅರ್ಜಿಯಲ್ಲಿ ಅವಳ ಸಹಿಯೂ ಬೇಕಿತ್ತು. ಅದೇ ತಲಾಠಿ. ನನ್ನನ್ನು ನೋಡಿ ಗುರುತು ಹಿಡಿದ.

‘ಆಯೀ, ಈ ಸಲನೂ ಹಟ್ಟಿ ತುಂಬೇತೇನು?’

‘ನಗಬ್ಯಾಡೋ ಯಪ್ಪಾ. ನಿನಗ ಅಷ್ಟ ದಿನಾ ಶಾಪಾ ಹಾಕೀನಿ, ಮೊದಲ ಅದನ್ನ ವಾಪಸ್ ತಗೊಂತೀನಿ’ ಎಂದೆ.

‘ಹಂಗಾರ ಲೆಕ್ಕಾ ಹೇಳು.’

ಮಗ ನೆಲ ನೋಡಿದ. ನಾನು ಫೋನು ತೆಗೆದೆ. ಬಾಯಿಂದ ಹೇಳಬಾರದು ಎಂದು ಅತ್ತೆ ಹೇಳಿದ್ದರು, ಬೆರಳಿನ ಮಾತು ಅವರು ಎತ್ತಿರಲಿಲ್ಲ. ಸಂಖ್ಯೆ ಬರೆದು ಅವನ ಕಣ್ಣಿನ ಮುಂದೆ ಹಿಡಿದೆ. ಅವನು ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋನು ನೋಡಿದ. ‘ಇಷ್ಟ ಏನು?’ ಎಂದು ಮೆಲ್ಲಗೆ ಕೇಳಿದ. ಹೂಂ ಎಂದು ತಲೆ ಆಡಿಸಿದೆ. ಅವನು ಬರೆದುಕೊಂಡ ಕೂಡಲೇ ಅಳಿಸಿಬಿಟ್ಟೆ. ನಿಮಗೂ ಹೇಳುವುದಿಲ್ಲ.

ಹೊರಗೆ ಬಂದ ಮೇಲೆ ಮಗ ಮಗಳಿಗೆ ಹೇಳಿದ. ‘ಕಾಗದ ಬಂದರೂ ಸೀಟು ಮುಂದಿನ ವರ್ಷದ ಮಾತು. ಸಿಗತೈತಂತ ಖಾತ್ರಿ ಏನೈತಿ? ಆಯಿಗೂ ವಯಸ್ಸಾತು. ಸಾಲಿ ಬಿಟ್ಟು ನನ್ನ ಜೋಡಿ ಬಂದಬಿಡು. ನಿಮ್ಮವ್ವಗ ಮರಿ ಹಿಡ್ಯಾಕ ಕೈ ಸಾಲವಲ್ದು.’

ಬಬಲೇಶ್ವರದ ಕಡೆಯ ಜೀಪು ಬಂತು. ಮಗ ಒಂದು ಕಾಲು ಮೇಲಿಟ್ಟು ಅವಳನ್ನೇ ನೋಡುತ್ತಿದ್ದ. ಅವಳು ಕಿಸೆಯಿಂದ ನಮ್ಮ ಖೋಲಿಯ ಕೀಲಿಕೈ ತೆಗೆದು ನೋಡಿ, ಮತ್ತೆ ಕಿಸೆಗೇ ಹಾಕಿಕೊಂಡು, ವಿಜಯಪುರದ ಬಸ್ಸಿನತ್ತ ನಡೆದಳು. ಜೀಪು ಹೋಯಿತು. ನಾನು ಸೆರಗು ಎತ್ತಿಕೊಂಡು ಅವಳ ಹಿಂದೆ ಓಡಿದೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ನಾನು ಈಚೆ. ಬಹಳ ದೂರ ಬಂದ ಮೇಲೆ ಮೆಲ್ಲಗೆ ಕೇಳಿದೆ. ‘ಏ ಹುಡುಗಿ, ನಾ ಹಂಗ ಅಂದಿದ್ದಕ್ಕ ನಿನ್ನ ಸೀಟು ಹೋತು, ಸಿಟ್ಟ ಬರೂದ ಖರೇ. ಆದ್ರ ನಿಮ್ಮಪ್ಪನ ಜೋಡಿ ಯಾಕ ಹೋಗಲಿಲ್ಲ? ನಾ ಒಬ್ಬಾಕಿ ಆಗ್ತೀನಿ ಅಂತೇನು?’

ಅವಳು ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ಅಂದಳು. ‘ಸಿಟ್ಟು ಕುರಿ ಸಲುವಾಗಿ ಅಲ್ಲ ಆಯಿ. ಗುರುತ ಇಲ್ಲದ ಅಷ್ಟೂ ಮಂದಿಗೆ ಹೇಳಿದಿ, ಬಾಜೂಕ ಕುಂತು ಉಣ್ಣಾಕಿಗೆ ಹೇಳಲಿಲ್ಲ. ನಾ ಇಲ್ಲಿ ಇರೂದು ಓದಾಕ, ಓದಿ ಮುಗಿಸೇ ಹೋಗಾಕಿ. ಅದೂ ಅಲ್ಲದ, ನಿನ್ನ ಒಬ್ಬಾಕಿನ್ನ ಆ ಫೋನಿನ ಜೋಡಿ ಬಿಟ್ರ, ನೀ ಇನ್ನ ಏನೇನ ಬರೀತಿಯೋ!’